ಕುಗ್ಗಿದ ವಸಡಿಗೆ ಕಸಿ

ತಣ್ಣೀರು ತಾಕಿದೊಡನೆ ಹಲ್ಲು ಜುಮ್ಮೆನ್ನುವುದು, ಒಂದೆರಡು ಹಲ್ಲುಗಳು ಉಳಿದವುಗಳಿಗಿಂತ ಉದ್ದವಾಗಿ ತೋರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಇದು ವಯೋಧರ್ಮವೆಂದು ಹಿರಿಯರು ಸುಮ್ಮನಾಗುತ್ತಾರೆ. ಹಲ್ಲು ಅಲುಗಾಡಿದ ಮೇಲೆ ಕೀಳಿಸಿಕೊಂಡು ಬರುತ್ತಾರೆ. ನಿಜವಾಗಿ ಹಲ್ಲು ಬೆಳೆದಿರುವುದಿಲ್ಲ; ವಸಡು ಹಿಂದೆ ಸರಿದು ಬೇರು ಬಯಲಾಗಿರುತ್ತದೆ. ಬೇರಿಗೆ ಎನಾಮೆಲ್ಲಿನ ಕವಚವಿಲ್ಲದ ಕಾರಣ ಅದು ಬೇಗನೆ ಸವೆಯುತ್ತದೆ, ಹುಳುಕಿಗೂ ಈಡಾಗುತ್ತದೆ.

ಇದಕ್ಕೆ ಕಾರಣಗಳು ಹಲವು. ಗಡಸು ಬ್ರಷ್ಷಿನಿಂದ ಬಲವಾಗಿ ಉಜ್ಜುವುದು, ಹಲ್ಲಿನ ಬುಡದಲ್ಲಿ ಕೊಳೆ ಕಟ್ಟಿ ಬರುವ ವಸಡಿನ ರೋಗ, ಹುಟ್ಟಿನಿಂದಲೇ ತೆಳುವಾದ ವಸಡು ಇವು ಮುಖ್ಯವಾದವು. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಹುರಿದ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ತಾಯಂದಿರುಂಟು. ಕಾಸರಗೋಡಿನ ಕಡೆ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಬಾಯಲ್ಲಿಟ್ಟುಕೊಳ್ಳುವವರುಂಟು. ಹೊಗೆಸೊಪ್ಪು ನಿತ್ಯ ತಂಗುವ ಎಡೆಯಲ್ಲಿ ವಸಡು ಸರಿಯುವ ಸಂಭವ ಹೆಚ್ಚು.

ಸರಿದ ವಸಡು ತಾನಾಗಿ ಮರಳಿ ಬೆಳೆಯದು. ಆದರೆ ಮಾವಿಗೆ ಕಸಿ ಕಟ್ಟುವಂತೆ ವಸಡಿಗೂ ಕಸಿ ಕಟ್ಟಬಹುದು. ಚುಚ್ಚುಮದ್ದಿನಿಂದ ಜಾಗವನ್ನು ಮರಗಟ್ಟಿಸಿ, ಬೇರನ್ನು ಶುಚಿಗೊಳಿಸಿ, ರೋಗಿಯ ಅಂಗುಳಿನಿಂದಲೇ 1ರಿಂದ 2 ಮಿಲಿಮೀಟರ್ ದಪ್ಪದ ತುಣುಕನ್ನು ತೆಗೆದು ಹೊಲಿಯುತ್ತಾರೆ. 1960ರ ದಶಕದ ವಿಧಾನದಲ್ಲಿ ಮೇಲ್ಪದರವನ್ನೂ ಸೇರಿಸಿ ತೆಗೆಯುತ್ತಿದ್ದರು. ತೆಳು ವಸಡನ್ನು ದಪ್ಪವಾಗಿಸಲು ಅದು ಇಂದಿಗೂ ಉಪಯುಕ್ತ. ಆದರೆ ಬಣ್ಣ ಬೇರೆಯಾಗಿ ತೇಪೆಯಂತೆ ಕಾಣುವುದುಂಟು. 1985ರಲ್ಲಿ ಬರ್ಟನ್ ಲ್ಯಾಂಗರ್ ಮತ್ತು ಲಾರೀನ್ ಲ್ಯಾಂಗರ್ ಪ್ರಕಟಿಸಿದ ವಿಧಾನದಲ್ಲಿ ಅಂಗುಳಿನ ಒಳಪದರವನ್ನಷ್ಟೇ ತೆಗೆದು ಬೇರಿನ ಮೇಲಿಟ್ಟು, ಪಕ್ಕದ ವಸಡನ್ನೇ ಅದಕ್ಕೆ ಹೊದಿಸುತ್ತಾರೆ. ಕೆಳಗಿನಿಂದಲೂ ಮೇಲಿನಿಂದಲೂ ರಕ್ತದ ಆಸರೆ ದೊರೆಯುವುದರಿಂದ ಕಸಿ ಚೆನ್ನಾಗಿ ಹಿಡಿಯುತ್ತದೆ, ಬಣ್ಣವೂ ಹೊಂದುತ್ತದೆ.

ಮೊದಲ ಒಂದೆರಡು ದಿನ ಕಸಿಯು ಸುತ್ತಲಿನ ದ್ರವದಿಂದಲೇ ಜೀವ ಹಿಡಿದಿರುತ್ತದೆ. ಅನಂತರ ಹೊಸ ರಕ್ತನಾಳಗಳು ಒಳಸೇರುತ್ತವೆ. ಆದುದರಿಂದ ತುಟಿಯೆಳೆದು ನೋಡುವುದು, ಆ ಜಾಗವನ್ನು ಉಜ್ಜುವುದು, ಗಟ್ಟಿ ಪದಾರ್ಥ ಅಗಿಯುವುದು ಸಲ್ಲದು. ವೈದ್ಯರು ಹೇಳುವವರೆಗೆ ಮೆತ್ತನೆಯ ಆಹಾರ ಮತ್ತು ಬಾಯಿ ಮುಕ್ಕಳಿಸುವ ಔಷಧಿಯನ್ನೇ ಬಳಸಬೇಕು. ಅಂಗುಳಿನ ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಫಲ ಕಡಿಮೆ.

ಈ ಚಿಕಿತ್ಸೆಗೂ ಮಿತಿಯುಂಟು. ಹಲ್ಲುಗಳ ನಡುವಿನ ಎಲುಬು, ವಸಡುಗಳು ಉಳಿದಿದ್ದರೆ ಬೇರು ಪೂರ್ತಿ ಮುಚ್ಚುವ ಆಶೆಯಿದೆ. ಅವು ನಶಿಸಿದ್ದರೆ ಅಷ್ಟು ಫಲ ದೊರೆಯದು. ಇತ್ತ ನೋವಿಲ್ಲದೆ, ಹೆಚ್ಚದೆ ನಿಂತ ಅಲ್ಪ ಸರಿತಕ್ಕೆ ಶಸ್ತ್ರಕ್ರಿಯೆಯೇ ಬೇಡವಾಗಬಹುದು. ಮೆದು ಬ್ರಷ್ಷು, ಹಗುರ ಕೈ, ಕಾಲಕಾಲಕ್ಕೆ ತಪಾಸಣೆ ಸಾಕು.

ವಸಡಿನ ತಜ್ಞರಲ್ಲಿ ಹೋದಾಗ ಎರಡು ಮಾತು ಕೇಳಲು ಮರೆಯದಿರಿ: ವಸಡು ಸರಿದುದೇಕೆ? ಕಸಿಯಿಂದ ಬೇರು ಎಷ್ಟು ಮುಚ್ಚೀತು? ಮೂಲಕಾರಣವನ್ನು ಬಿಡದೆ ಕಟ್ಟಿಸಿದ ಕಸಿ ಬಹುಕಾಲ ನಿಲ್ಲದು. ಮನೆಯ ಹಿರಿಯರ ಹಲ್ಲು ಅಲುಗುವ ಮೊದಲೇ ಅವರನ್ನು ಕರೆದೊಯ್ದರೆ, ಕೀಳಬೇಕಾಗಿದ್ದ ಹಲ್ಲು ಉಳಿದೀತು.