ಡಿ.ಎನ್.ಎ.ಯ ಅಸಾಮಾನ್ಯ ರೂಪಗಳೂ ವಂಶವಾಹಿಯ ಅಭಿವ್ಯಕ್ತಿಯೂ

ವಂಶವಾಹಿಯನ್ನು ಗ್ರಂಥಕ್ಕೆ ಹೋಲಿಸುವ ವಾಡಿಕೆಯು ಈಗ ಎಲ್ಲೆಡೆಯೂ ಹಬ್ಬಿರುವುದಷ್ಟೆ. ಅಡೆನೀನ್, ಥೈಮೀನ್, ಗ್ವಾನೀನ್, ಸೈಟೋಸೀನ್ ಎಂಬಿವು ನಾಲ್ಕು ಅಕ್ಷರಗಳು, ಅವುಗಳ ಅನುಕ್ರಮವೇ ಪಾಠ, ಪಾಠವಿದ್ದಂತೆ ಪ್ರೋಟೀನು. ಈ ಹೋಲಿಕೆಯು ಸೊಗಸಾದುದೇ ಆದರೂ ಅಪೂರ್ಣವಾದುದು. ತಾಳೆಯೋಲೆಯ ಬರಹವು ಎಷ್ಟು ಶುದ್ಧವಾಗಿದ್ದರೇನು, ಗರಿಗಳು ಒಂದಕ್ಕೊಂದು ಅಂಟಿ ಬಿಚ್ಚದೆ ಹೋದರೆ ಓದುವುದೆಂತು? ಡಿ.ಎನ್.ಎ.ಯಲ್ಲಿ ಅಕ್ಷರಕ್ರಮದಿಂದಲೇ ಹುಟ್ಟುವ ಆಕಾರವು ಓದಿಗೆ ಇಂಬಾಗುವುದೂ ಉಂಟು, ತಡೆಯಾಗುವುದೂ ಉಂಟು.

1953ರಲ್ಲಿ ವಾಟ್ಸನ್, ಕ್ರಿಕ್ ಇವರು ನಿರೂಪಿಸಿದ ರೂಪವು ಬಲಮುರಿಯಾದ ಜೋಡಿಸುರುಳಿ. (ಶಂಖದ ವಿಷಯದಲ್ಲಿ ಬಳಕೆಯಲ್ಲಿರುವ ಬಲಮುರಿ, ಎಡಮುರಿ ಎಂಬ ಮಾತುಗಳಿರುವಾಗ ಹೊಸ ಪರಿಭಾಷೆಯನ್ನು ಕಟ್ಟಬೇಕಾದುದಿಲ್ಲ.) ಅದೊಂದೇ ರೂಪವೆಂಬುದನ್ನು ಶಂಕಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ನರು ಪ್ರಮುಖರು. ಎರಡು ಎಳೆಗಳು ಪಕ್ಕಪಕ್ಕದಲ್ಲಿ ಸಾಗುತ್ತ, ಸ್ವಲ್ಪ ದೂರ ಬಲಕ್ಕೂ ಸ್ವಲ್ಪ ದೂರ ಎಡಕ್ಕೂ ತಿರುಗಬಹುದೆಂದು ಅವರೂ ಪಟ್ಟಾಭಿರಾಮನ್ನರೂ 1976ರಲ್ಲಿ ಪ್ರತಿಪಾದಿಸಿದರು. ಅದೇ ವರ್ಷ ನ್ಯೂಜಿಲೆಂಡಿನ ರಾಡ್ಲಿ ಮೊದಲಾದವರೂ ಇಂಥದೇ ಪಕ್ಷವನ್ನು ಹಿಡಿದರು. ಎಳೆಗಳು ಒಂದನ್ನೊಂದು ನಿಜವಾಗಿಯೂ ಸುತ್ತಿಕೊಂಡಿವೆಯೆಂದು 1979ರಲ್ಲಿ ಕ್ರಿಕ್, ವಾಂಗ್, ಬವರ್ ಇವರು ಸಾಧಿಸಲು ಆ ಪಕ್ಷವು ಬಿದ್ದಿತು. ಆದರೆ ಅದೇ ವರ್ಷ ಅಲೆಕ್ಸಾಂಡರ್ ರಿಚ್ ಅವರ ತಂಡವು ಪರೀಕ್ಷಿಸಿದ ಹರಳಿನಲ್ಲಿ, ಸೈಟೋಸೀನ್ ಗ್ವಾನೀನ್‌ಗಳು ಒಂದು ಬಿಟ್ಟೊಂದು ಬರುವ ಆರು ಜೋಡಿಗಳ ತುಣುಕು ಎಡಮುರಿಯಾಗಿಯೇ ಕಂಡಿತು. ಅದಕ್ಕೆ ಝಡ್ ರೂಪವೆಂದು ಹೆಸರು. ಬಿದ್ದ ಪಕ್ಷದೊಡನೆ, ಎಡಮುರಿಯು ಅಸಂಭವವಲ್ಲವೆಂಬ ನಿಂತ ಮಾತನ್ನೂ ಮರೆಯುವುದು ನ್ಯಾಯವಲ್ಲ.

ಈ ಎಡಮುರಿಗೆ ಅವಕಾಶವು ಓದಿನಿಂದಲೇ ಒದಗುತ್ತದೆ. ಪಾಲಿಮರೇಸ್ ಎಂಬ ಕಿಣ್ವವು ಎಳೆಗಳನ್ನು ಬಿಡಿಸಿ ಪ್ರತಿಯೆತ್ತುತ್ತ ಸಾಗುವಾಗ ಅದರ ಮುಂದೆ ಹುರಿಯು ಬಿಗಿಯುವುದು, ಹಿಂದೆ ಸಡಿಲುವುದು. ಸಡಿಲಿದೆಡೆಯಲ್ಲಿ ತಕ್ಕ ಅಕ್ಷರಕ್ರಮವಿದ್ದರೆ ಅದು ಎಡಕ್ಕೆ ಹೊರಳಿ ಆ ಒತ್ತಡವನ್ನು ತಾನೇ ಹೊರುವುದು.

ತಡೆಗೆ ನಿದರ್ಶನವು ಫ್ರೀಡ್ರೈಕ್‌ನ ಅಟಾಕ್ಸಿಯಾ ಎಂಬ ಆನುವಂಶಿಕ ರೋಗ. ಎಳೆಯ ವಯಸ್ಸಿನಲ್ಲಿಯೇ ನಡಿಗೆಯು ತಪ್ಪುವುದು, ಮಾತು ತೊದಲುವುದು, ಹೃದಯವೂ ಕೆಡುವುದು. ಇದರ ಮೂಲವಾದ ವಂಶವಾಹಿಯು 1996ರಲ್ಲಿ ಗೊತ್ತಾಯಿತು. ಬಹುಮಂದಿ ರೋಗಿಗಳಲ್ಲಿ ಪ್ರೋಟೀನಿನ ಪಾಠವು ಶುದ್ಧವಾಗಿಯೇ ಇರುತ್ತದೆ! ಪ್ರತಿಯೆತ್ತಿದ ಮೇಲೆ ಕತ್ತರಿಸಿ ತೆಗೆಯುವ ಭಾಗವೊಂದರಲ್ಲಿ ಗ್ವಾನೀನ್, ಅಡೆನೀನ್, ಅಡೆನೀನ್ ಎಂಬ ಮೂರಕ್ಷರಗಳು ನೂರಾರು ಸಲ ಪುನರುಕ್ತವಾಗಿರುವುದಷ್ಟೇ ದೋಷ. ಇಂಥ ದೀರ್ಘ ಪುನರುಕ್ತಿಯಲ್ಲಿ ಮೂರು ಎಳೆಗಳು ಹೆಣೆದುಕೊಳ್ಳಬಲ್ಲವು, ಓದು ಅಲ್ಲಿ ತೊಡರುವುದು, ಸುತ್ತಣ ಡಿ.ಎನ್.ಎ.ಯೂ ಮುಚ್ಚಿಕೊಳ್ಳುವುದು. ಫ್ರಟಾಕ್ಸಿನ್ ಎಂಬ ಪ್ರೋಟೀನು ಸಾಲದೆ ಬರುವುದು. ಕಾವ್ಯದಲ್ಲಿ ಪುನರುಕ್ತಿಯು ಅರ್ಥವನ್ನು ಕೆಡಿಸದೆ ರಸವನ್ನು ಮಾತ್ರ ಕೆಡಿಸೀತು. ಇಲ್ಲಿ ಅದು ದೇಹವನ್ನೇ ಕೆಡಿಸುವುದು.

ಗ್ವಾನೀನ್‌ಗಳು ನಾಲ್ಕು ನಾಲ್ಕಾಗಿ ಚೌಕವನ್ನು ರಚಿಸಿ, ಚೌಕಗಳು ಒಂದರ ಮೇಲೊಂದು ಕೂರುವ ರೂಪವೂ ಉಂಟು. ಚೌಕದ ಸ್ವರೂಪವು 1962ರಷ್ಟು ಹಿಂದೆಯೇ ತಿಳಿದಿತ್ತು. ಜೀವಕೋಶಗಳ ವೃದ್ಧಿಗೆ ಕಾರಣವಾದ, ಅನೇಕ ಅರ್ಬುದಗಳಲ್ಲಿ ಮಿತಿಮೀರುವ ಮಿಕ್ ಎಂಬ ವಂಶವಾಹಿಯ ಮುಂಭಾಗದಲ್ಲಿ ಈ ರಚನೆಯನ್ನು ಔಷಧಿಯಿಂದ ಸ್ಥಿರಗೊಳಿಸಿದರೆ ಅಭಿವ್ಯಕ್ತಿಯು ಕುಗ್ಗುವುದೆಂದು 2002ರಲ್ಲಿ ಪ್ರಕಟವಾಯಿತು. ಇದರಿಂದ ಚೌಕವೆಂದರೆ ಬೀಗವೆಂದೇ ಕೆಲವರು ಎಣಿಸಿದರು. ಆ ಎಣಿಕೆಯು ಅವಸರದ್ದು. ಚೆನ್ನೈಯಲ್ಲಿ ಜನಿಸಿದ ಶಂಕರ್ ಬಾಲಸುಬ್ರಮಣಿಯನ್ನರ ಕೇಂಬ್ರಿಜ್ ತಂಡವು 2013ರಲ್ಲಿ ಮಾನವಕೋಶಗಳಲ್ಲಿ ಈ ರಚನೆಗಳನ್ನು ಪ್ರತಿಕಾಯದ ಸಹಾಯದಿಂದ ಗುರುತಿಸಿತು. 2016ರಲ್ಲಿ ಅವುಗಳ ಸ್ಥಾನಗಳನ್ನು ಲೆಕ್ಕಹಾಕಲಾಗಿ, ಅವು ಹೆಚ್ಚಾಗಿ ಇದ್ದುದು ಬಿಚ್ಚಿಕೊಂಡ ಎಡೆಗಳಲ್ಲಿ, ಅದೂ ಬಿರುಸಾಗಿ ಓದಲ್ಪಡುತ್ತಿದ್ದ ವಂಶವಾಹಿಗಳ ಮುಂಭಾಗದಲ್ಲಿ.