ಸಾವಿರ ಗುಡ್ಡಗಳ ಮಗ್ಗುಲಲ್ಲಿ ಕಾಮ್ರೇಡ್ಸ್ ಓಟದ ದಾರಿ

ದಕ್ಷಿಣ ಆಫ್ರಿಕದ ಪೂರ್ವ ಕರಾವಳಿಯಲ್ಲಿ, ಹಿಂದೂ ಮಹಾಸಾಗರದ ತೀರದಲ್ಲಿರುವ ಡರ್ಬನ್ ನಗರದಿಂದ ಹೊರಟು, ಸಾವಿರ ಗುಡ್ಡಗಳ ಕಣಿವೆಯೆಂದು ಪ್ರಸಿದ್ಧವಾದ ಪ್ರದೇಶದ ಅಂಚನ್ನು ಹಿಡಿದು ಏರುತ್ತ, ಇಳಿಯುತ್ತ, ಮರಳಿ ಏರುತ್ತ, ಒಳನಾಡಿನ ಪೀಟರ್‌ಮಾರಿಟ್ಸ್‌ಬರ್ಗ್ ಪಟ್ಟಣವನ್ನು ಸೇರುವ ಹಳೆಯ ಮಾರ್ಗವೊಂದುಂಟು. ಅವಸರದ ವಾಹನಗಳಿಗೆ ಬೇರೊಂದು ಹೆದ್ದಾರಿ ಇರುವುದರಿಂದ ಈ ದಾರಿ ವರ್ಷದ ಬಹುಭಾಗ ತನ್ನ ಪಾಡಿಗೆ ತಾನಿರುತ್ತದೆ. ಆದರೆ ವರ್ಷಕ್ಕೊಂದು ದಿನ, ಈಗ ಸಾಮಾನ್ಯವಾಗಿ ಅಲ್ಲಿನ ಚಳಿಗಾಲವಾದ ಜೂನ್ ತಿಂಗಳ ಒಂದು ಭಾನುವಾರ, ಸೂರ್ಯೋದಯಕ್ಕೆ ಮುನ್ನವೇ ಸಹಸ್ರಾರು ಜನರ ಪಾದಧ್ವನಿ ಇದನ್ನು ತುಂಬುತ್ತದೆ. ಅದೇ ಕಾಮ್ರೇಡ್ಸ್ ಮ್ಯಾರಥಾನ್. ವಾಡಿಕೆಯ ಮ್ಯಾರಥಾನಿನ 42.2 ಕಿ.ಮೀ. ಇಲ್ಲಿ ಅರ್ಧ ದಾರಿಯೂ ಆಗದು. ಓಟದ ಅಭ್ಯಾಸವನ್ನು ಹಿಡಿದವನಿಗೆ ಓಡುವುದಕ್ಕೆ ಜಗತ್ತಿನಲ್ಲಿ ಸ್ಥಳಗಳು ಅನೇಕವಿರಬಹುದು. ನನ್ನ ಮನಸ್ಸು ನೆಟ್ಟಿರುವುದು ಈ ಒಂದು ದಾರಿಯಲ್ಲಿ.

ಈ ಓಟದ ಮೂಲದಲ್ಲಿರುವುದು ಶೋಕ. ಮೊದಲನೆಯ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕದ ಕಾಡುಮೇಡುಗಳಲ್ಲಿ ಸುಮಾರು 2700 ಕಿ.ಮೀ. ದೂರವನ್ನು ಕಾಲ್ನಡಿಗೆಯಿಂದ ಕ್ರಮಿಸಿ, ಜೊತೆಗಾರರನ್ನು ಕಳೆದುಕೊಂಡು ಹಿಂದಿರುಗಿದ ವಿಕ್ ಕ್ಲಾಪಮ್ ಎಂಬ ರೈಲ್ವೆ ಎಂಜಿನ್ ಚಾಲಕರು, ಮಡಿದವರ ಸ್ಮರಣೆ ವರ್ಷ ವರ್ಷವೂ ಬದುಕಿರುವವರ ದೇಹಶ್ರಮದಲ್ಲಿ ನಡೆಯಬೇಕೆಂದು ಸಂಕಲ್ಪಿಸಿದರು. ಮಾಜಿ ಸೈನಿಕರ ಸಂಘ ಮೊದಲು ಒಪ್ಪಲಿಲ್ಲ. ಪಟ್ಟುಬಿಡದೆ ಕೇಳಿದ ಮೇಲೆ, 1921ರಲ್ಲಿ, ಅನುಮತಿಯನ್ನೂ ಅದರೊಡನೆ ಖರ್ಚಿಗೆಂದು, ಹಿಂದಿರುಗಿಸತಕ್ಕ ಕರಾರಿನ ಮೇಲೆ, ಒಂದು ಪೌಂಡನ್ನೂ ಕೊಟ್ಟಿತು. ಆ ವರ್ಷದ ಮೇ 24ರಂದು ಓಡಹೊರಟವರು 34 ಮಂದಿ; ಗುರಿ ಮುಟ್ಟಿದವರು 16. ಮೊದಲಿಗರಾದ ಬಿಲ್ ರೋವನ್ ಅವರಿಗೆ ಹಿಡಿದ ಕಾಲ ಒಂಬತ್ತು ಗಂಟೆಗೆ ಒಂದು ನಿಮಿಷ ಕಡಮೆ.

ಪ್ರೀತಿಸುವವನು ಪ್ರೀತಿಸಿದ್ದರ ಕಳಂಕವನ್ನೂ ಹೇಳಬೇಕು. ಒಡನಾಡಿಗಳ ಹೆಸರಿನಲ್ಲಿ ಹುಟ್ಟಿದ ಈ ಓಟ ಐವತ್ತಕ್ಕೂ ಹೆಚ್ಚು ವರ್ಷ ಬಿಳಿಯ ಗಂಡಸರನ್ನಲ್ಲದೆ ಬೇರೆಯವರನ್ನು ಒಡನಾಡಿಗಳೆಂದು ಒಪ್ಪಲಿಲ್ಲ. 1923ರಲ್ಲಿ ಫ್ರಾನ್ಸಿಸ್ ಹೇವರ್ಡ್ ಎಂಬ ಮಹಿಳೆಯೂ, 1935ರಲ್ಲಿ ರಾಬರ್ಟ್ ಮ್ಚಾಲಿ ಎಂಬ ಕರಿಯ ಓಟಗಾರರೂ, ಅಧಿಕೃತ ಮನ್ನಣೆಯ ಆಸೆಯಿಲ್ಲದೆ ಪೂರ್ತಿ ದೂರವನ್ನು ಓಡಿದರು. ಬಾಗಿಲು ತೆರೆದದ್ದು 1975ರಲ್ಲಿ. 1981ರಲ್ಲಿ ವರ್ಣಭೇದದ ಸರ್ಕಾರ ತನ್ನ ಗಣರಾಜ್ಯದ ಉತ್ಸವಕ್ಕೆ ಈ ಓಟವನ್ನೂ ಸೇರಿಸಿಕೊಂಡಾಗ, ಬ್ರೂಸ್ ಫೋರ್ಡೈಸ್ ತೋಳಿಗೆ ಕಪ್ಪುಪಟ್ಟಿ ಕಟ್ಟಿ ಓಡಿದರು, ಗೆದ್ದರು. ಮುಂದೆ ಒಟ್ಟು ಒಂಬತ್ತು ಸಲ ಗೆದ್ದರು. ಈಗ ಹತ್ತು ಗಂಟೆಯೊಳಗೆ ಮುಗಿಸುವವರಿಗೆ ಕೊಡುವ ಪದಕಕ್ಕೆ ಮ್ಚಾಲಿಯವರ ಹೆಸರಿದೆ. ತಡವಾಗಿಯಾದರೂ ಸಂದ ನ್ಯಾಯವಿದು.

ಭಾರತೀಯನಿಗೆ ಈ ದಾರಿಯಲ್ಲಿ ಮತ್ತೊಂದು ನೆನಪು ಎದುರಾಗುತ್ತದೆ. ಮೊದಲ ದರ್ಜೆಯ ಟಿಕೆಟನ್ನು ಹಿಡಿದು ಡರ್ಬನ್ನಿನಲ್ಲಿ ರೈಲು ಹತ್ತಿದ ತರುಣ ವಕೀಲ ಗಾಂಧಿಯವರನ್ನು 1893ರ ಜೂನ್ 7ರ ಚಳಿಯ ರಾತ್ರಿ ಹೊರಕ್ಕೆ ದಬ್ಬಿದ್ದು ಈ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿಯೇ. ಡರ್ಬನ್ನಿನಿಂದ ಏರಿ ಬಂದವನು ಆ ನಿಲ್ದಾಣವನ್ನು ನೋಡದೆ ಹಿಂದಿರುಗಬಾರದು.

ಓಟದ ದಿಕ್ಕು ಸಾಮಾನ್ಯವಾಗಿ ವರ್ಷ ಬಿಟ್ಟು ವರ್ಷ ತಿರುಗುತ್ತದೆ. ಸಮುದ್ರದಿಂದ ಮೇಲಕ್ಕೆ ಓಡುವುದು ಅಪ್ ರನ್, ಸುಮಾರು 87 ಕಿ.ಮೀ.; ಅಲ್ಲಿಂದ ಕೆಳಕ್ಕೆ ಡೌನ್ ರನ್, ಸುಮಾರು 90. ನಗರಭವನದ ಮುಂದೆ ಜನ ನೆರೆದಾಗ ರಾಷ್ಟ್ರಗೀತೆಯಾದ ಬಳಿಕ, ವಲಸೆ ಕಾರ್ಮಿಕರ ಹಾಡಾದ ‘ಶೋಶೋಲೋಝಾ’ವನ್ನು ಸಾವಿರ ಕಂಠಗಳು ಎತ್ತುತ್ತವೆ; ಅನಂತರ ಕೋಳಿಯ ಕೂಗು. 1948ರಲ್ಲಿ ಮ್ಯಾಕ್ಸ್ ಟ್ರಿಂಬಾರ್ನ್ ಎಂಬ ಓಟಗಾರರು ಕೂಗಿದ ಕೂಗು ಸಂಪ್ರದಾಯವಾಗಿ, ಇಂದಿಗೂ ಅವರ ಧ್ವನಿಮುದ್ರಣವೇ ಓಟವನ್ನು ಎಚ್ಚರಿಸುತ್ತದೆ. ಅದರ ಹಿಂದೆಯೇ ಗುಂಡು ಹಾರುತ್ತದೆ.

ಬಿಗ್ ಫೈವ್ ಎಂದು ಓಟಗಾರರು ಕರೆಯುವ ಐದು ಬೆಟ್ಟಗಳಲ್ಲಿ ಕೌವೀಸ್, ಫೀಲ್ಡ್ಸ್, ಬೋಥಾಸ್ ಎಂಬ ಮೂರು ಏರುದಾರಿಯ ಮೊದಲರ್ಧದಲ್ಲಿಯೇ ಮುಗಿಯುತ್ತವೆ. ಬೋಥಾಸ್ ಬೆಟ್ಟವನ್ನು ದಾಟಿ ಡ್ರಮಂಡ್ ಸಮೀಪಿಸುವ ಹೊತ್ತಿಗೆ, ಮಗ್ಗುಲಲ್ಲಿ ಕಣಿವೆ ತೆರೆದು, ಗುಡ್ಡದ ಹಿಂದೆ ಗುಡ್ಡ ನಿಂತ ನೋಟ ಕಾಣಬರುತ್ತದೆ. ಇಲ್ಲಿ, ಓಟವನ್ನು ಮುಗಿಸಿದವರ ಹೆಸರಿನ ಫಲಕಗಳನ್ನು ಕೂಡಿಸಿ ಕಟ್ಟಿದ ಗೌರವದ ಗೋಡೆಯಿದೆ. ಅದರ ಬಳಿಯೇ ದಿಬ್ಬದಲ್ಲಿ ಕೊರೆದ ಸಣ್ಣದೊಂದು ಆಸನ. ರೈತರಾಗಿದ್ದು, ನಲವತ್ತರ ಹತ್ತಿರದ ವಯಸ್ಸಿನಲ್ಲಿ ಓಟಕ್ಕಿಳಿದು ಐದು ಸಲ ಗೆದ್ದ ಆರ್ಥರ್ ನ್ಯೂಟನ್ ಅವರು ಕುಳಿತು ದಣಿವಾರಿಸಿಕೊಂಡ ಸ್ಥಳವೆಂದು ಪ್ರತೀತಿ. ಅವರಿಗೆ ಸುಪ್ರಭಾತವನ್ನು ಹೇಳಿ ಹೂವೊಂದನ್ನಿಟ್ಟು ಹೋದವರಿಗೆ ಉತ್ತರಾರ್ಧ ಸುಗಮವಾಗುವುದೆಂಬ ನಂಬಿಕೆಯನ್ನು ಯಾರೂ ತರ್ಕಿಸುವುದಿಲ್ಲ, ನಾನೂ ತರ್ಕಿಸೆನು.

ಡ್ರಮಂಡಿನ ತಗ್ಗಿನಿಂದ ಎದ್ದು ನಿಂತ ಇಂಚಾಂಗಾ ಕಠಿಣವಾದ ಬೆಟ್ಟ. ಅದರ ಆಚೆ ಎಥೆಂಬೇನಿ ಶಾಲೆಯ ಮಕ್ಕಳು, ಅಂಗವೈಕಲ್ಯವುಳ್ಳವರು, ದೃಷ್ಟಿ ಮಂದವಾದವರು, ರಸ್ತೆಯ ಬದಿಯಲ್ಲಿ ಸಾಲಾಗಿ ಕೈ ಚಾಚಿರುತ್ತಾರೆ; ಆ ಸಾಲು ಮುಗಿಯುವವರೆಗೂ ಒಂದೊಂದು ಅಂಗೈಯನ್ನೂ ಮುಟ್ಟಿ ಹೋಗುವುದು ಓಟಗಾರರ ವಾಡಿಕೆ. ಈ ಮಾರ್ಗದಲ್ಲಿ ಇದಕ್ಕಿಂತ ಹಿರಿದಾದ ಸ್ಥಳವನ್ನು ನಾನು ಕಾಣೆ. ಮುಂದೆ ಕೇಟೋ ರಿಜ್, ಕ್ಯಾಂಪರ್‌ಡೌನ್‌ಗಳ ಬಯಲು; ಕೊನೆಗೆ, ಸುಮಾರು 80 ಕಿ.ಮೀ. ಮುಗಿದ ಮೇಲೆ, ಪಾಲಿ ಶಾರ್ಟ್ಸ್ ಎಂಬ ಏರು. ಬಹುತೇಕರು ಅಲ್ಲಿ ನಡೆಯುತ್ತಾರೆ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಹಿಂದಿನ ಸಾಲುಗಳಲ್ಲಿ ಬರುವವರಿಗೆ ‘ಬಸ್ಸು’ಗಳುಂಟು. ಅನುಭವಿಯೊಬ್ಬರು ವೇಗವನ್ನು ನಿಗದಿಪಡಿಸಿ, ಎಲ್ಲಿ ಓಡಬೇಕು ಎಲ್ಲಿ ನಡೆಯಬೇಕೆಂದು ಕೂಗಿ ಹೇಳುತ್ತಿರಲು, ಗುರುತು ಪರಿಚಯವಿಲ್ಲದ ನೂರಾರು ಜನ ಹಾಡುತ್ತ, ಜಾತ್ರೆಯ ತೇರಿನ ಹಗ್ಗಕ್ಕೆ ಕೈಹಚ್ಚಿದವರಂತೆ ಒಂದೇ ಉಸಿರಿನಲ್ಲಿ ಸಾಗುತ್ತಾರೆ. ಗಡುವು ಹನ್ನೆರಡು ಗಂಟೆ. ಅದು ತೀರಿದ ಕ್ಷಣದಲ್ಲಿ, ಬರುತ್ತಿರುವವರಿಗೆ ಬೆನ್ನು ತಿರುಗಿಸಿ ನಿಂತ ಅಧಿಕಾರಿಯೊಬ್ಬರು ಗುಂಡು ಹಾರಿಸುತ್ತಾರೆ. ಒಂದು ಹೆಜ್ಜೆ ಹಿಂದುಳಿದವರಿಗೂ ಪದಕವಿಲ್ಲ. ಈ ನಿಷ್ಠುರತೆಯನ್ನು ಕ್ರೌರ್ಯವೆನ್ನುವವರಿದ್ದಾರೆ. ಗಡುವು ಸಡಿಲವಾದರೆ ಬಸ್ಸಿನ ಹಾಡಿಗೆ ಅರ್ಥವೇ ಉಳಿಯದೆಂದು ನನ್ನ ಅಭಿಪ್ರಾಯ. ಗಡುವು ಹನ್ನೊಂದು ಗಂಟೆಯಿದ್ದ ಕಾಲದಲ್ಲಿ, 1989ರಲ್ಲಿ, ಎಂಬತ್ತು ವಯಸ್ಸಿನ ವಾಲಿ ಹೇವರ್ಡ್ ಎರಡು ನಿಮಿಷವೂ ಉಳಿಯದಿರುವಾಗ ತತ್ತರಿಸುತ್ತ ಗುರಿ ಸೇರಿದರು. ಅಂದಿನ ಓಟವನ್ನೇ ಗೆದ್ದು ಮೊದಲ ಕರಿಯ ವಿಜೇತರಾದವರು ಸ್ಯಾಮ್ ಟ್ಶಬಲಾಲ.

ಈಚಿನ ವರ್ಷಗಳಲ್ಲಿ ಬೆಂಗಳೂರಿನಿಂದಲೂ ಅನೇಕರು, ನಂದಿಬೆಟ್ಟದ ದಾರಿಯಲ್ಲಿ ಕಾಲು ಪಳಗಿಸಿಕೊಂಡು, ಅರ್ಹತೆಗೆ ಬೇಕಾದ ಮ್ಯಾರಥಾನನ್ನು ನಿಗದಿತ ಕಾಲದೊಳಗೆ ಮುಗಿಸಿ, ಅಲ್ಲಿಗೆ ಹೋಗುತ್ತಿದ್ದಾರೆ. ಇಳಿಯುವುದು ಸುಲಭವೆಂದು ಅವರು ಭಾವಿಸಕೂಡದು. ಇಳಿಜಾರಿನ ಪ್ರತಿಯೊಂದು ಹೆಜ್ಜೆಯೂ ತೊಡೆಯ ಸ್ನಾಯುಗಳನ್ನು ಜಜ್ಜಿ, ಕೊನೆಯ ಗಂಟೆಗಳಲ್ಲಿ ಸಮತಟ್ಟಾದ ನೆಲವೇ ಅಸಹನೀಯವಾಗುತ್ತದೆ. ಅನುಕ್ರಮವಾದ ಎರಡು ವರ್ಷಗಳಲ್ಲಿ ತಮ್ಮ ಮೊದಲೆರಡು ಓಟಗಳನ್ನು ಮುಗಿಸುವವರಿಗೆ ವಿಶೇಷ ಪದಕವೊಂದುಂಟು, ಹತ್ತು ಓಟಗಳನ್ನು ಮುಗಿಸಿದವರಿಗೆ ಆಜೀವ ತಮ್ಮದೇ ಆಗುವ ಹಸಿರು ಸಂಖ್ಯೆಯುಂಟು. ಅವಕಾಶವಿದ್ದವರು ಎರಡು ದಿಕ್ಕನ್ನೂ ಓಡಲಿ. ಆದರೆ ಏರಿನ ವರ್ಷವನ್ನು ಮೊದಲು ಆರಿಸಿಕೊಳ್ಳಲಿ.