ಚಕ್ರಗಳ ಮರುಲೇಪನ: ಲಾಭದ ಲೆಕ್ಕ, ಹೊಣೆಯ ಲೆಕ್ಕ

ಬಳ್ಳಾರಿ–ಹೊಸಪೇಟೆ ಹೆದ್ದಾರಿಯ ಮೇಲಿರುವ ತೋರಣಗಲ್ಲಿನಲ್ಲಿ ವಾಹನಗಳಿಗೆ ಕೊರತೆಯೆಂಬುದಿಲ್ಲ. 1994ರಲ್ಲಿ ಸ್ಥಾಪನೆಯಾದ ಜಿಂದಾಲ್ ವಿಜಯನಗರ ಸ್ಟೀಲ್, ಅಂದರೆ 2005ರಿಂದ ಜೆಎಸ್‌ಡಬ್ಲ್ಯು ಸ್ಟೀಲ್ ಎನಿಸಿಕೊಂಡ ಸಂಸ್ಥೆಯ ಕಾರ್ಖಾನೆಯ ಸುತ್ತ ಲಾರಿ, ಟಿಪ್ಪರ್ ಮತ್ತು ಟ್ರೇಲರ್‌ಗಳನ್ನೇ ನಂಬಿದ ನೂರಾರು ಕಸುಬುಗಳು ಬೆಳೆದಿವೆ. ಕೆಂಧೂಳು, ತುಕ್ಕು ಮತ್ತು ಕಲ್ಲೇಟುಗಳಿಂದ ಡಿಸ್ಕಿನ ಮೂಲ ಬಣ್ಣ ಬಹುಬೇಗ ಮಾಯವಾಗುತ್ತದೆ. ಹಂಪಿಗೆ ಬರುವ ಪ್ರವಾಸಿ ಕಾರುಗಳ ಅಲಾಯ್ ಚಕ್ರಗಳದೂ ಗೀರು, ಕಲೆಗಳ ಕಥೆಯೇ. ಹೀಗಾಗಿ ಚಕ್ರಗಳ ಮರುಲೇಪನವು ಇಲ್ಲಿನ ಸಣ್ಣ ಉದ್ದಿಮೆದಾರರು ಪರಿಶೀಲಿಸಬಹುದಾದ ಕೆಲಸವಾಗಿದೆ. ಆದರೆ ಗೇಟು, ಗ್ರಿಲ್ಲುಗಳಿಗೆ ಬಣ್ಣ ಹೊಡೆದಷ್ಟು ಸುಲಭವಾಗಿ ಇದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಚಕ್ರದ ಮೇಲೆ ಜೀವಗಳು ಸಾಗುತ್ತವೆ.

ಪುಡಿಯೋ, ಬಣ್ಣವೋ?

ಪೌಡರ್ ಕೋಟಿಂಗ್‌ನಲ್ಲಿ ಥಿನ್ನರ್ ಇರುವುದಿಲ್ಲ. ವಿದ್ಯುದಾವೇಶ ಪಡೆದ ಒಣ ಪುಡಿಯು ಅರ್ಥಿಂಗ್ ಮಾಡಿದ ಲೋಹಕ್ಕೆ ಅಂಟಿಕೊಂಡು, ಓವನ್ನಿನಲ್ಲಿ ಕರಗಿ, ಗಟ್ಟಿಯಾದ ಪದರವಾಗುತ್ತದೆ. ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ದಪ್ಪದ ಈ ಪದರವು ಕಲ್ಲೇಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಒಂದೇ ಬಣ್ಣದ ಹತ್ತಾರು ಉಕ್ಕಿನ ಡಿಸ್ಕುಗಳು ಒಟ್ಟಿಗೆ ಬರುವ ಕಡೆ ಇದು ಲಾಭದಾಯಕ. ಒಂದೊಂದು ಕಾರಿಗೆ ಒಂದೊಂದು ಛಾಯೆ ಹೊಂದಿಸಬೇಕಾದಾಗ ಅಥವಾ ಅಲಾಯ್ ಚಕ್ರದ ಅಂಚಿನ ಗೀರನ್ನಷ್ಟೇ ಸರಿಪಡಿಸಬೇಕಾದಾಗ ದ್ರವಬಣ್ಣವೇ ಅನುಕೂಲ.

ನಮ್ಮ ಹವೆಯನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ಕಾದ ಲೋಹದ ಮೇಲೆ ಬಣ್ಣ ಸಿಂಪಡಿಸಿದರೆ ಥಿನ್ನರ್ ಬೇಗ ಆರಿ ಮೇಲ್ಮೈ ಒರಟಾಗುತ್ತದೆ. ಹಸಿ ಬಣ್ಣದ ಮೇಲೆ ಅದಿರಿನ ಧೂಳು ಕೂರುತ್ತದೆ. ಆದುದರಿಂದ ಮುಚ್ಚಿದ, ಗಾಳಿ ಸೋಸುವ ಬೂತ್ ಇಲ್ಲದೆ ಎರಡರಲ್ಲಿ ಯಾವುದನ್ನೂ ಆರಂಭಿಸಬಾರದು. ಪುಡಿಯ ಆಯ್ಕೆಯಲ್ಲಿಯೂ ವಿವೇಚನೆ ಅಗತ್ಯ. ಎಪಾಕ್ಸಿ ಪುಡಿ ತುಕ್ಕನ್ನು ತಡೆಯುತ್ತದೆ, ಆದರೆ ಬಿಸಿಲಿಗೆ ಸುಣ್ಣದಂತೆ ಉದುರತೊಡಗುತ್ತದೆ. ಹೊರಮೈಗೆ ಶುದ್ಧ ಪಾಲಿಯೆಸ್ಟರ್ ಪುಡಿಯೇ ತಕ್ಕದ್ದು. ಬೇಕಿದ್ದರೆ ಅದರ ಕೆಳಗೆ ಎಪಾಕ್ಸಿ ಪ್ರೈಮರ್ ಬಳಸಬಹುದು.

ವೆಚ್ಚದ ಲೆಕ್ಕ

ಪುಡಿಯ ಖರ್ಚನ್ನು ಅಂದಾಜಿಸಲು ಸರಳ ಸೂತ್ರವೊಂದಿದೆ. 1000ವನ್ನು ಪದರದ ಮೈಕ್ರಾನ್ ದಪ್ಪ ಮತ್ತು ಪುಡಿಯ ಸಾಂದ್ರತೆಗಳ ಗುಣಲಬ್ಧದಿಂದ ಭಾಗಿಸಿದರೆ ಒಂದು ಕಿಲೋ ಪುಡಿ ಎಷ್ಟು ಚದರ ಮೀಟರ್ ಆವರಿಸುವುದೆಂಬುದು ದೊರೆಯುತ್ತದೆ. ಸಾಂದ್ರತೆ 1.5 ಹಾಗೂ ದಪ್ಪ 70 ಮೈಕ್ರಾನ್ ಆದಲ್ಲಿ ಅದು ಸುಮಾರು 9.5 ಚದರ ಮೀಟರ್. ಒಂದೂವರೆ ಚದರ ಮೀಟರ್ ಮೈಯುಳ್ಳ ಚಕ್ರಕ್ಕೆ, ಪೋಲನ್ನು ಬಿಟ್ಟು, ಸುಮಾರು 160 ಗ್ರಾಂ ಸಾಕು.

ಓವನ್ನಿನ ಲೆಕ್ಕ ಬೇರೆ. 40 ಕಿಲೋ ತೂಕದ ಉಕ್ಕಿನ ಚಕ್ರವನ್ನು 35 ಡಿಗ್ರಿಯಿಂದ 190 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಲೋಹಕ್ಕೆ ಬೇಕಾಗುವುದು ಒಂದು ಯೂನಿಟ್‌ಗಿಂತ ಕಡಿಮೆ ವಿದ್ಯುತ್ತು. ಆದರೆ ಓವನ್ನಿನ ಗೋಡೆ, ಟ್ರಾಲಿ, ಹೊರಹೋಗುವ ಬಿಸಿಗಾಳಿಗಳಿಗೂ ಶಾಖ ಖರ್ಚಾಗುತ್ತದೆ. ಒಂದು ಚಕ್ರ ಬೇಯಿಸಿದರೂ ಹತ್ತು ಬೇಯಿಸಿದರೂ ಈ ಖರ್ಚಿನ ಬಹುಪಾಲು ಅಷ್ಟೇ. ಓವನ್ ತುಂಬಿಸುವಷ್ಟು ಕೆಲಸವನ್ನು ಕೂಡಿಹಾಕಬಲ್ಲವನಿಗೆ ಮಾತ್ರ ಪೌಡರ್ ಕೋಟಿಂಗ್ ಲಾಭ ತರುತ್ತದೆ.

ಅಡಿಪಾಯವೇ ಮುಖ್ಯ

ಲೇಪನವು ಉಳಿಯುವುದು, ಕೀಳುವುದು ಅದರ ಕೆಳಗಿನ ಲೋಹದ ಸಿದ್ಧತೆಯಿಂದ. ಉಕ್ಕಿನ ಡಿಸ್ಕಿನ ಗ್ರೀಸು ತೊಳೆದು, ಬ್ಲಾಸ್ಟಿಂಗ್‌ನಿಂದ ತುಕ್ಕು ತೆಗೆದು, ಫಾಸ್ಫೇಟ್ ಸಂಸ್ಕಾರ ನೀಡಬೇಕು. ಬ್ಲಾಸ್ಟಿಂಗ್‌ಗೆ ಹೊಳೆಯ ಮರಳನ್ನು ಬಳಸುವುದು ಅಗ್ಗವೆನಿಸಿದರೂ ಅದರ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶವನ್ನು ಶಾಶ್ವತವಾಗಿ ಹಾಳುಮಾಡುತ್ತದೆ. ಉಕ್ಕಿನ ಗ್ರಿಟ್ ಅಥವಾ ಗಾರ್ನೆಟ್ ಬಳಸಬೇಕು. ಅಲಾಯ್ ಚಕ್ರಕ್ಕಾದರೆ ಉಕ್ಕಿನ ಗ್ರಿಟ್ ಸಲ್ಲದು. ಅದರ ಕಣಗಳು ಅಲ್ಯೂಮಿನಿಯಂನೊಳಗೆ ನಾಟಿ ಮುಂದೆ ಕೊರೆತಕ್ಕೆ ಕಾರಣವಾಗುತ್ತವೆ. ಅದಕ್ಕೆ ಗಾಜಿನ ಮಣಿ ಅಥವಾ ಅಲ್ಯೂಮಿನಿಯಂ ಆಕ್ಸೈಡನ್ನು ಕಡಿಮೆ ಒತ್ತಡದಲ್ಲಿ ಬಳಸುವುದು ಲೇಸು.

ಹಳೆಯ ಬಣ್ಣ ತೆಗೆದ ಹಂತವೇ ಬಿರುಕು ಹುಡುಕುವ ಸಮಯ. ಬೋಲ್ಟ್ ರಂಧ್ರಗಳ ಸುತ್ತ ಮತ್ತು ಡಿಸ್ಕು–ರಿಮ್ ಸೇರುವ ವೆಲ್ಡಿಂಗಿನ ಸಾಲಿನಲ್ಲಿ ಡೈ ಪೆನಿಟ್ರಂಟ್ ಪರೀಕ್ಷೆ ನಡೆಸುವುದಕ್ಕೆ ತಗಲುವ ವೆಚ್ಚ ಅಲ್ಪ. ಬಿರುಕು ಕಂಡ ಚಕ್ರವನ್ನು ಬೆಸೆದು ಬಣ್ಣ ಬಳಿದು ಕೊಡುವುದೆಂದರೆ ದೋಷವನ್ನು ಮರೆಮಾಚಿದಂತೆ. ಅಂತಹ ಚಕ್ರವನ್ನು ತಿರಸ್ಕರಿಸಿ, ಕಾರಣವನ್ನು ಬರೆದುಕೊಟ್ಟು ಹಿಂದಿರುಗಿಸತಕ್ಕದ್ದು.

ಕಾವಿನ ಮಿತಿ

ಹೆಚ್ಚಿನ ಪುಡಿಗಳು 180ರಿಂದ 200 ಡಿಗ್ರಿಯಲ್ಲಿ 10ರಿಂದ 15 ನಿಮಿಷದಲ್ಲಿ ಪಕ್ವವಾಗುತ್ತವೆ. ಈ ಎಣಿಕೆ ಲೋಹವು ಆ ಕಾವಿಗೆ ಬಂದ ಮೇಲಿನದೇ ಹೊರತು ಓವನ್ನಿನ ಗಾಳಿ ಕಾದ ಮೇಲಿನದಲ್ಲ. ದಪ್ಪ ಡಿಸ್ಕು ನಿಧಾನವಾಗಿ ಕಾಯುತ್ತದೆ. ಅರೆಬೆಂದ ಪದರ ನೋಡಲು ಹೊಳೆದರೂ ಬೇಗ ಸಿಪ್ಪೆಯೇಳುತ್ತದೆ. ಅಲಾಯ್ ಚಕ್ರದ ವಿಷಯದಲ್ಲಿ ಅಪಾಯ ಇದಕ್ಕೆ ವಿರುದ್ಧವಾದುದು. ಅದರ ಬಲವು ಕಾರ್ಖಾನೆಯಲ್ಲಿ ಕೊಟ್ಟ ಶಾಖಸಂಸ್ಕಾರದಿಂದ ಬಂದಿರುವುದರಿಂದ ಅತಿಯಾದ ಕಾವು, ಮತ್ತೆ ಮತ್ತೆ ಬೇಯಿಸುವಿಕೆ ಅದನ್ನು ಮೆದುವಾಗಿಸುತ್ತವೆ. ಹಳೆಯ ಬಣ್ಣವನ್ನು ಬೆಂಕಿಯಿಂದ ಸುಟ್ಟು ತೆಗೆಯುವ ಪದ್ಧತಿ ಅಲಾಯ್‌ಗೆ ಸರ್ವಥಾ ಕೂಡದು. ಟೈರು ಇರುವ ಯಾವ ಚಕ್ರವನ್ನೂ ಕಾಯಿಸಬಾರದು. ಅದು ಸಿಡಿದು ಪ್ರಾಣಹಾನಿಯಾದೀತು.

ಲೇಪನ ಬೀಳಬಾರದ ಜಾಗ

ಇಡೀ ಕಸುಬಿನ ಮರ್ಮ ಇರುವುದು ಇಲ್ಲಿ. ಹೆಚ್ಚು ಬಳಿದರೆ ಹೆಚ್ಚು ರಕ್ಷಣೆ ಎಂಬ ತಿಳುವಳಿಕೆ ಚಕ್ರದ ಮಟ್ಟಿಗೆ ತಪ್ಪು. ವೀಲ್ ನಟ್ಟಿನ ಹಿಡಿತವು ಬೋಲ್ಟ್ ಬಿಗಿಯಾಗಿ ಎಳೆದು ನಿಂತಿರುವುದರಿಂದ ಬರುತ್ತದೆ. ಹಬ್ಬಿಗೂ ಡಿಸ್ಕಿಗೂ ನಡುವೆ ದಪ್ಪ ಪದರವಿದ್ದರೆ ಭಾರ ಮತ್ತು ಕಾವಿಗೆ ಅದು ಅದುಮಿಕೊಂಡು ತೆಳುವಾಗುತ್ತದೆ. ಅಷ್ಟರಮಟ್ಟಿಗೆ ಬಿಗಿ ಸಡಿಲವಾಗುತ್ತದೆ. ಹಿಂಬದಿಯ ಜೋಡಿ ಚಕ್ರಗಳಲ್ಲಿ ಇಂತಹ ಮುಖಗಳು ನಾಲ್ಕು. ಪ್ರತಿಯೊಂದರಲ್ಲೂ 70 ಮೈಕ್ರಾನ್ ಇದ್ದರೆ ಒಟ್ಟು 280 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರಿಗೂ ಹೆಚ್ಚು. ಸಂಡೂರಿನ ಬೆಟ್ಟದ ಇಳಿಜಾರಿನಲ್ಲಿ ಭಾರ ಹೊತ್ತು, ಬ್ರೇಕ್ ಹಿಡಿದು ಇಳಿಯುವ ಟಿಪ್ಪರ್‌ನ ಡ್ರಮ್ಮಿನ ಕಾವು ಈ ಪದರಕ್ಕೆ ತಾಗಿದಾಗ ನಟ್ಟು ಸಡಿಲಗೊಂಡು ಚಕ್ರವೇ ಕಳಚಿಬೀಳುವ ಸಂಭವವುಂಟು.

ಆದುದರಿಂದ ಹಬ್ಬಿಗೆ ಕೂರುವ ಮುಖ, ಜೋಡಿ ಡಿಸ್ಕುಗಳು ತಾಗುವ ಮುಖ, ನಟ್ಟು ಕೂರುವ ಅಂಚುಗಳನ್ನು ಕಾವು ತಾಳುವ ಟೇಪು ಮತ್ತು ಸಿಲಿಕೋನ್ ಬಿರಡೆಗಳಿಂದ ಮುಚ್ಚಿ, ಅಲ್ಲಿ ತೆಳುವಾದ ಪ್ರೈಮರನ್ನಷ್ಟೇ ಬಿಡಬೇಕು. ಲಾಕ್ ರಿಂಗ್ ಇರುವ ರಿಮ್ಮುಗಳಲ್ಲಿ ರಿಂಗ್ ಕೂರುವ ಗಾಡಿಯೂ ತುಕ್ಕು ಮತ್ತು ದಪ್ಪ ಲೇಪನಗಳಿಂದ ಮುಕ್ತವಾಗಿರಬೇಕು. ಇಲ್ಲವಾದರೆ ಗಾಳಿ ತುಂಬುವಾಗ ರಿಂಗ್ ಚಿಮ್ಮೀತು. ಜೋಡಿಸಿದ ವಾಹನ 50ರಿಂದ 100 ಕಿಲೋಮೀಟರ್ ಓಡಿದ ನಂತರ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿ ಮಾಡಿಸುವಂತೆ ಬಿಲ್ಲಿನ ಮೇಲೆಯೇ ಮುದ್ರಿಸುವುದು ಒಳ್ಳೆಯದು.

ಉದ್ದಿಮೆದಾರರಿಗೆ

ಕೇವಲ ಅದಿರು ಲಾರಿಗಳನ್ನು ನಂಬಿ ಬಂಡವಾಳ ಹೂಡುವುದು ಜಾಣತನವಲ್ಲ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದಾಗ ಲಾರಿಗಳನ್ನು ನಂಬಿದ್ದ ಕಸುಬುಗಳೆಲ್ಲ ಒಮ್ಮೆಲೇ ಕೈಕಟ್ಟಿ ಕೂತದ್ದು ಎಲ್ಲರಿಗೂ ನೆನಪಿದೆ. ಉಕ್ಕು ಸಾಗಿಸುವ ಟ್ರೇಲರ್, ಬಸ್ಸು, ಟ್ರ್ಯಾಕ್ಟರ್ ಮತ್ತು ಕಾರುಗಳನ್ನೂ ಗ್ರಾಹಕರನ್ನಾಗಿಸಿಕೊಳ್ಳಬೇಕು. ಬಿಡುವಿದ್ದಾಗ ಅದೇ ಓವನ್ನಿನಲ್ಲಿ ಪೀಠೋಪಕರಣ, ವಿದ್ಯುತ್ ಪ್ಯಾನೆಲ್‌ಗಳ ಕೆಲಸವನ್ನೂ ಮಾಡಬಹುದು. ಉದ್ಯಮ್ ನೋಂದಣಿ ಹೊಂದಿದ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ವಿಧಿಸಿರುವುದನ್ನೂ ಮರೆಯಬಾರದು.

ಪ್ರತಿ ಚಕ್ರಕ್ಕೂ ಒಂದು ಕಾರ್ಡು ಇಟ್ಟು ಬಿರುಕಿನ ತಪಾಸಣೆ, ಪದರದ ದಪ್ಪ, ಓವನ್ನಿನ ಕಾವು ಮತ್ತು ಅವಧಿಗಳನ್ನು ದಾಖಲಿಸಿದ ಘಟಕವು ದರದಲ್ಲಿ ಅಗ್ಗದವರೊಡನೆ ಪೈಪೋಟಿ ನಡೆಸಬೇಕಾಗಿಲ್ಲ. ವಾಹನಗಳ ಸಮೂಹವನ್ನು ನಡೆಸುವ ಮಾಲೀಕನು ಕೊಳ್ಳುವುದು ಹೊಳಪನ್ನಲ್ಲ, ಭರವಸೆಯನ್ನು. ಆ ಭರವಸೆಗೆ ಕಾಗದದ ಆಧಾರ ಒದಗಿಸಬಲ್ಲ ಘಟಕಕ್ಕೆ ತೋರಣಗಲ್ಲಿನಲ್ಲಿ ಕೆಲಸದ ಕೊರತೆ ಬಾರದು.